ಪಂಪ್‌ಹೌಸಿನ ಪಾಸ್‌ವರ್ಡ್ ಮೊದಲು ಬದಲಾಗಲಿ

ಮಾನ್ಯ ಸಂಪಾದಕರೇ,

ಗೊರೂರಿನಿಂದ ಬರುವ ಹೇಮಾವತಿ ನೀರನ್ನು ನಂಬಿರುವ ಹಾಸನದವರಿಗೆ ಮೋಟಾರು ಸುಡುವುದಾಗಲಿ ಪೈಪು ಒಡೆಯುವುದಾಗಲಿ ಹೊಸದಲ್ಲ. ಆದರೆ ಪಂಪು, ವಾಲ್ವುಗಳನ್ನು ಕಂಪ್ಯೂಟರಿನಿಂದಲೇ ನಡೆಸುವ ಪದ್ಧತಿ ಹೆಚ್ಚುತ್ತಿರುವಾಗ, ಎಲ್ಲೋ ಕುಳಿತವನೊಬ್ಬ ಅವನ್ನು ನಿಲ್ಲಿಸಿಬಿಡಬಹುದೆಂಬ ಅಪಾಯದ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಸೈಬರ್ ಅಪರಾಧವೆಂದರೆ ಒಟಿಪಿ ಕೇಳಿ ಹಣ ಲಪಟಾಯಿಸುವುದು ಎಂದಷ್ಟೇ ತಿಳಿದಿದ್ದೇವೆ.

ನಾನು ಕಾರ್ಖಾನೆಗಳಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳನ್ನು ನೋಡಿಕೊಂಡು ನಿವೃತ್ತನಾದವನು. ಕೊನೆಯದಾಗಿ ದುಡಿದ ಕಡೆ ಬಾಯ್ಲರ್ ಪ್ಯಾನೆಲ್ಲಿನ ಬಾಗಿಲ ಒಳಮೈಗೆ ಬಿಳಿ ಟೇಪು ಅಂಟಿಸಿ, ಮಾರ್ಕರಿನಲ್ಲಿ ಪಾಸ್‌ವರ್ಡ್ ಬರೆದಿದ್ದರು. ಅದೂ ಯಂತ್ರದ ಜೊತೆ ಬಂದಿದ್ದ, ಕೈಪಿಡಿಯಲ್ಲಿ ಯಾರು ಬೇಕಾದರೂ ಓದಬಹುದಾದ ಪಾಸ್‌ವರ್ಡ್. ಸರ್ವೀಸ್ ಎಂಜಿನಿಯರ್ ತಾನಿದ್ದಲ್ಲಿಂದಲೇ ದುರಸ್ತಿ ಮಾಡಲೆಂದು ಹಾಕಿಸಿದ್ದ ಸಿಮ್ ರೂಟರ್ ಪಕ್ಕದಲ್ಲೇ ಹಗಲಿರುಳು ಹಸಿರು ದೀಪ ಮಿನುಗಿಸುತ್ತಿತ್ತು. ಕೆಲಸವಿಲ್ಲದಾಗ ಅದನ್ನು ಆರಿಸಿ ಎಂದು ಎಷ್ಟೋ ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

2023ರ ನವೆಂಬರಿನಲ್ಲಿ ಅಮೆರಿಕದ ಅಲಿಕ್ವಿಪ್ಪಾ ಎಂಬ ಸಣ್ಣ ಊರಿನ ನೀರು ಸರಬರಾಜಿನಲ್ಲಿ ಪಂಪು ನಡೆಸುವ ಸಣ್ಣ ಕಂಪ್ಯೂಟರಾದ ಪಿಎಲ್‌ಸಿಗೆ ದಾಳಿಕೋರರು ನುಗ್ಗಿದರು. ಆಗ ನಡೆದ ದಾಳಿಗಳ ಸರಣಿಯಲ್ಲಿ ಅವರು ಹುಡುಕಿದ್ದು ಅಂತರ್ಜಾಲಕ್ಕೆ ತೆರೆದುಕೊಂಡಿದ್ದ, ಕಂಪನಿ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಯಂತ್ರಗಳನ್ನು. ಸಿಬ್ಬಂದಿ ಕೂಡಲೇ ಪಂಪುಗಳನ್ನು ಕೈಯಿಂದ ನಡೆಸಿದ್ದರಿಂದ ಊರಿಗೆ ನೀರು ನಿಲ್ಲಲಿಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಸೈಬರ್ ದಾಳಿಯಿಂದ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋದಾಗಲೂ, ಪರದೆಯ ಮೇಲೆ ಮೌಸ್ ತಾನಾಗಿ ಓಡಾಡುತ್ತಿದ್ದುದನ್ನು ಕಂಡ ನೌಕರರು ಸಬ್‌ಸ್ಟೇಷನ್ನುಗಳಿಗೇ ಹೋಗಿ ಬ್ರೇಕರುಗಳನ್ನು ಕೈಯಿಂದ ಹಾಕಿ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿಸಿದರು.

ಎರಡೂ ಕಡೆ ಕೊನೆಗೆ ಊರನ್ನು ಕಾಪಾಡಿದ್ದು ವಾಲ್ವು, ಬ್ರೇಕರುಗಳ ಗುರುತು ಬಲ್ಲ ಕೈಗಳು. ನಮ್ಮಲ್ಲಾದರೋ ಕಂಪ್ಯೂಟರ್ ಬಂತೆಂದರೆ ನೀರುಗಂಟಿಗಳು ಬೇಡವೆಂಬ ಭಾವನೆ ಇದೆ. ಇದು ನನಗೆ ಪಾಸ್‌ವರ್ಡಿಗಿಂತಲೂ ಹೆಚ್ಚು ಆತಂಕ ತರುತ್ತದೆ.

ಆದ್ದರಿಂದ ನೀರಿನ ಯೋಜನೆಗಳ ಟೆಂಡರಿನಲ್ಲೇ ಪಾಸ್‌ವರ್ಡ್ ಬದಲಿಸುವುದು, ಕಚೇರಿಯ ನೆಟ್‌ವರ್ಕಿನಿಂದ ಯಂತ್ರಗಳ ನೆಟ್‌ವರ್ಕನ್ನು ಬೇರ್ಪಡಿಸುವುದು, ದೂರದಿಂದ ಯಂತ್ರ ನಡೆಸುವ ಸಂಪರ್ಕವನ್ನು ಬೇಕಾದಾಗಷ್ಟೇ ತೆರೆಯುವುದು, ಪಿಎಲ್‌ಸಿ ಪ್ರೋಗ್ರಾಮಿನ ಒಂದು ನಕಲನ್ನು ಬೇರೆಡೆ ಇಡುವುದು ಷರತ್ತಾಗಬೇಕು. ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶನದ ನಕಲು ಪ್ರತಿ ಪಂಪ್‌ಹೌಸಿನ ಗೋಡೆಯ ಮೇಲಿರಬೇಕು. ತಿಂಗಳಿಗೊಮ್ಮೆ ಅರ್ಧ ದಿನ ಕಂಪ್ಯೂಟರ್ ಆರಿಸಿ, ಅಲ್ಲಿನ ನೀರುಗಂಟಿಗಳ ಕೈಯಿಂದಲೇ ಊರಿಗೆ ನೀರು ಬಿಡಿಸಬೇಕೆಂದು ನಗರಾಡಳಿತವನ್ನು ಕೋರುತ್ತೇನೆ.

– ನಿವೃತ್ತ ನಿರ್ವಹಣಾ ಮೇಲ್ವಿಚಾರಕ, ಹಾಸನ