ಸಿಸಿ ಅಳೆಯಬೇಡಿ, ಪೆಟ್ರೋಲ್ ಅಳೆಯಿರಿ: ಎಚ್.ಡಿ. ಕುಮಾರಸ್ವಾಮಿಯವರಿಗೆ ಒಂದು ಬಹಿರಂಗ ಪತ್ರ

ಕೇಂದ್ರದ ಭಾರೀ ಕೈಗಾರಿಕೆ ಮತ್ತು ಉಕ್ಕು ಸಚಿವರಾದ ಶ್ರೀ ಎಚ್.ಡಿ. ಕುಮಾರಸ್ವಾಮಿಯವರೇ,

ನಮಸ್ಕಾರ. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬರುವ ಎರಡು ಕಾರು ತಗೊಳ್ಳಿ. ಒಂದು ಫಾರ್ಚುನರ್. ಅದರ ಡೀಸೆಲ್ ಎಂಜಿನ್ 2755 ಸಿಸಿ, ಅಂದರೆ ಪಿಸ್ಟನ್‌ಗಳು ಓಡಾಡುವ ಜಾಗದ ಒಟ್ಟು ಗಾತ್ರ ಅಷ್ಟು. ಇನ್ನೊಂದು ಹೈರೈಡರ್ ಹೈಬ್ರಿಡ್. 1490 ಸಿಸಿ ಪೆಟ್ರೋಲ್ ಎಂಜಿನ್, ಜೊತೆಗೆ ಮೋಟಾರು, ಬ್ಯಾಟರಿ. ಸರ್ಕಾರಿ ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿ.ಮೀ. ಕೊಟ್ಟ ಗಾಡಿ ಇದು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಜಿಎಸ್‌ಟಿ ಒಂದೇ, 40%.

ಬಿಡದಿ ನಿಮಗೆ ಹೊಸದಲ್ಲ. ರಾಮನಗರದ ಶಾಸಕರಾಗಿದ್ದವರು, ಈಗ ಮಂಡ್ಯದ ಸಂಸದರು, ದೇಶದ ವಾಹನ ಉದ್ಯಮವನ್ನು ನೋಡಿಕೊಳ್ಳುವ ಸಚಿವರು. ಅದಕ್ಕೇ ಈ ಪತ್ರ ನಿಮಗೆ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ಪಾಠ ಮಾಡುವವನು. ಕಾರು ಮಾರುವವನಲ್ಲ, ಯಾವ ಕಂಪನಿಯ ಪರವೂ ಅಲ್ಲ. ನನ್ನ ತಕರಾರು ತೆರಿಗೆ ಜಾಸ್ತಿ ಅಂತಲ್ಲ. ತೆರಿಗೆ ಹಾಕಲು ನಾವು ಇಟ್ಟುಕೊಂಡಿರುವ ಅಳತೆಗೋಲೇ ತಪ್ಪು ಅಂತ.

ನಮ್ಮ ಕಾನೂನಿನಲ್ಲಿ ಪೆಟ್ರೋಲ್ ಕಾರು 'ಚಿಕ್ಕದು' ಅನ್ನಿಸಿಕೊಳ್ಳಲು ಎರಡು ಷರತ್ತು. ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಎಂಜಿನ್ 1200 ಸಿಸಿ ಒಳಗಿರಬೇಕು. ಪೆಟ್ರೋಲ್ ಹೈಬ್ರಿಡ್‌ಗೂ ಇದೇ ಗೆರೆ. ಒಳಗಿದ್ದರೆ 18%, ದಾಟಿದರೆ 40%. ಗಾಡಿ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅನ್ನುವ ಪ್ರಶ್ನೆ ಇದರಲ್ಲಿ ಎಲ್ಲೂ ಬರುವುದೇ ಇಲ್ಲ.

ಸಿಸಿ ಜಾಸ್ತಿ ಇದ್ದರೆ ಪೆಟ್ರೋಲೂ ಜಾಸ್ತಿ ಅಲ್ವಾ ಅಂತ ಯಾರಾದರೂ ಕೇಳಬಹುದು. ಹಳೇ ಎಂಜಿನ್‌ಗಳಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. ಹೈಬ್ರಿಡ್‌ಗೆಂದೇ ರೂಪಿಸಿದ ಎಂಜಿನ್‌ಗಳಲ್ಲಿ ಆ ಲೆಕ್ಕ ಕೈಕೊಡುತ್ತದೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ.

ಸಾಮಾನ್ಯ ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿಯುವಾಗ ಗಾಳಿ, ಪೆಟ್ರೋಲ್ ಒಳಗೆ ಬರುತ್ತವೆ. ಪಿಸ್ಟನ್ ಮೇಲೇರಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಇನ್‌ಟೇಕ್ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹೈಬ್ರಿಡ್ ಎಂಜಿನ್‌ನಲ್ಲಿ ಆ ವಾಲ್ವ್ ಬೇಕಂತಲೇ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇರುತ್ತಾ ಒಳಗೆ ಬಂದ ಗಾಳಿಯಲ್ಲಿ ಒಂದಷ್ಟನ್ನು ಬಂದ ದಾರಿಯಲ್ಲೇ ವಾಪಸ್ ತಳ್ಳುತ್ತದೆ. ಒಳಗೆ ಉಳಿದಷ್ಟು ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಸುಡುತ್ತದೆ. ಆದರೆ ಸುಟ್ಟ ಅನಿಲ ಪಿಸ್ಟನ್ ಅನ್ನು ಪೂರ್ತಿ ಉದ್ದಕ್ಕೂ ಕೆಳಗೆ ತಳ್ಳುತ್ತದೆ. ಸೈಲೆನ್ಸರ್‌ನಲ್ಲಿ ಬಿಸಿಯಾಗಿ ಹೋಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಹೀಗೆ ಚಕ್ರಕ್ಕೆ ಸಿಗುತ್ತದೆ. ಇದರ ಮೂಲ ಯೋಚನೆ 1880ರ ದಶಕದ್ದು, ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ ಅವರದು. ನೂರು ವರ್ಷಕ್ಕೂ ಹೆಚ್ಚು ಕಾಲ ಕಾರಿನಲ್ಲಿ ಅದು ಅಷ್ಟಾಗಿ ನಡೆಯಲಿಲ್ಲ. ಇಂಥ ಎಂಜಿನ್‌ಗೆ ಎಳೆಯುವ ಶಕ್ತಿ ಕಡಿಮೆ. ಸಿಗ್ನಲ್‌ನಲ್ಲಿ ಹೊರಡುವಾಗ ಮಂದ. ಆ ಕೊರತೆಯನ್ನು ಮೋಟಾರು ತುಂಬಿಕೊಟ್ಟ ಮೇಲೆ, 1997ರಲ್ಲಿ ಬಂದ ಟೊಯೊಟಾದ ಹೈಬ್ರಿಡ್ ಕಾರು ಪ್ರಿಯಸ್‌ನಿಂದ ಅದರ ಕಾಲ ಬಂತು.

ಕ್ಲಾಸಿನಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಸಾರ್, ತಗೊಂಡ ಗಾಳಿನ ವಾಪಸ್ ತಳ್ಳಿದ್ಮೇಲೆ ಅದು 1490 ಸಿಸಿ ಹೆಂಗಾಯ್ತು?" ಹುಡುಗನಿಗೆ ಹತ್ತು ನಿಮಿಷದಲ್ಲಿ ಹೊಳೆದದ್ದು ತೆರಿಗೆ ಪಟ್ಟಿಗೆ ಇನ್ನೂ ಹೊಳೆದಿಲ್ಲ. ಪಾತ್ರೆಯ ಗಾತ್ರ ನೋಡಿ ಒಳಗೆ ಎಷ್ಟು ಅಕ್ಕಿ ಬೇಯುತ್ತಿದೆ ಅಂತ ತೀರ್ಮಾನ ಮಾಡಿದ ಹಾಗಾಯಿತು.

ಇದಕ್ಕೆ ಸಾಕ್ಷಿ ಹೈರೈಡರ್‌ನಲ್ಲೇ ಇದೆ. ಅದೇ ಕಾರು 1462 ಸಿಸಿಯ ಸಾದಾ ಎಂಜಿನ್‌ನಲ್ಲೂ ಬಂತು. ಅದಕ್ಕಿರುವುದು ಎಂಜಿನ್‌ಗೆ ಅಲ್ಪಸ್ವಲ್ಪ ನೆರವಾಗುವ 'ಮೈಲ್ಡ್ ಹೈಬ್ರಿಡ್' ಅಷ್ಟೇ, ಬರೀ ಬ್ಯಾಟರಿಯಲ್ಲಿ ಅದು ಓಡದು. ಆ ಎಂಜಿನ್‌ನ ಶಕ್ತಿ 103 ಪಿಎಸ್ (ಒಂದು ಪಿಎಸ್ ಅಂದರೆ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ), ಗೇರ್ ಗಾಡಿಯ ಮೈಲೇಜ್ 21.12. ಹೈಬ್ರಿಡ್‌ನ ಎಂಜಿನ್ 28 ಸಿಸಿ ದೊಡ್ಡದು, ಆದರೆ ಶಕ್ತಿ 92 ಪಿಎಸ್ ಮಾತ್ರ, ಮೈಲೇಜ್ 27.97. ಲಕ್ಷ ಕಿಲೋಮೀಟರ್‌ಗೆ ಹೆಚ್ಚುಕಡಿಮೆ 1,160 ಲೀಟರ್ ಪೆಟ್ರೋಲ್ ಉಳಿತಾಯ. ಇವು ಪರೀಕ್ಷೆಯ ಅಂಕಿಗಳು, ರಸ್ತೆಯಲ್ಲಿ ಎರಡೂ ಕಡಿಮೆಯಾಗುತ್ತವೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ಹೈಬ್ರಿಡ್‌ನ ಲಾಭವೂ ಇಳಿಯುತ್ತದೆ. ಅದರ ನಿಜವಾದ ಆಟ ಇರುವುದು ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಜಾಗದಲ್ಲಿ. ಅಲ್ಲಿ ಎಂಜಿನ್ ಆಫ್ ಆಗಿ, ಗಾಡಿ ಬ್ಯಾಟರಿಯಲ್ಲೇ ತೆವಳುತ್ತಾ ಹೋಗುತ್ತದೆ. ಪ್ರತಿ ಬ್ರೇಕಿಗೂ ಸ್ವಲ್ಪ ಕರೆಂಟು ವಾಪಸ್ ಬರುತ್ತದೆ.

ಮೊದಲು ಈ ಎರಡು ಗಾಡಿಗಳ ತೆರಿಗೆಯಲ್ಲಿ ಅಲ್ಪಸ್ವಲ್ಪವಾದರೂ ಫರಕಿತ್ತು. ಸೆಸ್ ಸೇರಿ ಸಾದಾ ಗಾಡಿಗೆ 45%, ಹೈಬ್ರಿಡ್‌ಗೆ 43%. ಈಗ ಆ ಎರಡೂ ಹೋಗಿ 40% ಆಯಿತು. ತೆರಿಗೆ ಇಳಿದದ್ದು ಖುಷಿಯೇ. ಆದರೆ ಉಳಿಸುವವನಿಗೂ ಸುಡುವವನಿಗೂ ಇದ್ದ ಅಷ್ಟಿಷ್ಟು ವ್ಯತ್ಯಾಸವೂ ಅದರ ಜೊತೆಗೇ ಹೋಯಿತು.

ಚಿಕ್ಕ ಕಾರಿನ ಕಥೆ ಇನ್ನೂ ವಿಚಿತ್ರ. ಯುರೋಪಿನಲ್ಲಿ ಓಡುವ ಟೊಯೊಟಾದ ಚಿಕ್ಕ ಕಾರು ಯಾರಿಸ್ ಹೈಬ್ರಿಡ್‌ನ ಉದ್ದ 3,940 ಮಿ.ಮೀ. ನಮ್ಮ ನಾಲ್ಕು ಮೀಟರ್ ಗೆರೆಯೊಳಗೆ ಆರಾಮಾಗಿ ನಿಲ್ಲುತ್ತದೆ. ಆದರೆ ಎಂಜಿನ್ 1490 ಸಿಸಿ. ಅದನ್ನೇ ಇಲ್ಲಿ ತಯಾರಿಸಿದರೆ 40%. ಚೀನಾದ ಬಿವೈಡಿ 2024ರಲ್ಲಿ ಶೇಕಡಾ 46.06ರ ದಕ್ಷತೆಯ ಎಂಜಿನ್ ಮಾಡಿದ್ದೇವೆ ಅಂತ ಹೇಳಿಕೊಂಡಿತು. ಅಂದರೆ ತೀರಾ ಅನುಕೂಲದ ಸ್ಥಿತಿಯಲ್ಲಿ, ನೂರು ರೂಪಾಯಿಯ ಪೆಟ್ರೋಲ್‌ನಲ್ಲಿ 46 ರೂಪಾಯಿಯಷ್ಟು ಕೆಲಸಕ್ಕೆ ಬರುತ್ತದೆ. ಅದೂ 1.5 ಲೀಟರ್ ಎಂಜಿನ್ನೇ. ನಮ್ಮ ಪುಸ್ತಕದಲ್ಲಿ ಅದು 'ದೊಡ್ಡ' ಎಂಜಿನ್.

ನಮ್ಮ ಎಂಜಿನಿಯರ್‌ಗಳು ಏನು ಮಾಡುತ್ತಾರೆ ಅಂತ ನೋಡಿ. ಸ್ವಿಫ್ಟ್ 1197 ಸಿಸಿ. ಐ20 1197. ಟಿಯಾಗೊ 1199. ಅಮೇಜ್ 1199. ಇಷ್ಟು ಕಂಪನಿಗಳಿಗೆ ಒಂದೇ ಅಂಕಿ ಹೊಳೆದದ್ದು ಕಾಕತಾಳೀಯ ಅಲ್ಲ. 2006ರ ಬಜೆಟ್‌ನಲ್ಲಿ ಗೆರೆ ಹಾಕಿದರು, ಎಲ್ಲರೂ ಬಂದು ಗೆರೆಗೆ ಒರಗಿ ನಿಂತರು. ಡಿಜೈರ್ ಕಾರಿನ ಡಿಕ್ಕಿಯನ್ನು 2012ರಲ್ಲಿ ಕತ್ತರಿಸಿ 3,995 ಮಿ.ಮೀ.ಗೆ ಇಳಿಸಿದ್ದು ನಿಮಗೆ ನೆನಪಿರಬಹುದು. ಸರ್ಕಾರ ಎಲ್ಲಿ ಗೆರೆ ಎಳೆಯುತ್ತದೋ ಅಲ್ಲಿಗೇ ವಿನ್ಯಾಸ ಬರುತ್ತದೆ. ಗೆರೆಯನ್ನು ಪೆಟ್ರೋಲ್ ಮೇಲೆ ಎಳೆದಿದ್ದರೆ ಇದೇ ಬುದ್ಧಿ ಪೆಟ್ರೋಲ್ ಉಳಿಸಲು ಓಡುತ್ತಿತ್ತು.

ಇದೇನು ಯಾರೂ ಮಾಡದ ಕೆಲಸವಲ್ಲ. ಬ್ರಿಟನ್‌ನಲ್ಲಿ ಹಿಂದೆ ಎಂಜಿನ್ ಗಾತ್ರದ ಮೇಲೆ ವಾಹನ ತೆರಿಗೆ ಇತ್ತು. 2001ರಿಂದ ಹೊಸ ಕಾರುಗಳಿಗೆ ಪ್ರತಿ ಕಿ.ಮೀ.ಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಅನ್ನುವ ಲೆಕ್ಕಕ್ಕೆ ಬಂದರು. ನಮ್ಮಲ್ಲೂ ಆ ಅಂಕಿ ಇದೆ. ಪ್ರತಿ ಮಾದರಿ ಮಾರಾಟಕ್ಕೆ ಬರುವ ಮೊದಲು ಪರೀಕ್ಷೆ ಆಗುತ್ತದೆ. ಇಂಥ ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐ ನಿಮ್ಮ ಸಚಿವಾಲಯಕ್ಕೆ ಸೇರಿದ ಸಂಸ್ಥೆಯೇ. ಕಂಪನಿಗಳ ಒಟ್ಟು ಸರಾಸರಿಗೆ ಸರ್ಕಾರ 2017ರಿಂದ ಗ್ರಾಂ ಲೆಕ್ಕದಲ್ಲೇ ಮಿತಿ ಹಾಕುತ್ತಿದೆ. ಕಂಪನಿಯನ್ನು ಗ್ರಾಂನಲ್ಲಿ ಅಳೆದು, ಗ್ರಾಹಕನನ್ನು ಮಾತ್ರ ಸಿಸಿಯಲ್ಲಿ ಅಳೆಯುವುದು ಯಾವ ನ್ಯಾಯ?

ಎಲೆಕ್ಟ್ರಿಕ್ ಗಾಡಿಯ 5% ಹಾಗೇ ಇರಲಿ. ಅದಕ್ಕೆ ಕೈ ಹಾಕಬೇಡಿ. ಹೈಬ್ರಿಡ್ ಕೊಳ್ಳುವವರು ಉಳ್ಳವರು, ಅವರಿಗೇಕೆ ರಿಯಾಯಿತಿ ಅನ್ನುವವರ ಮಾತಿನಲ್ಲೂ ಅರ್ಥವಿದೆ. ನಾನು ರಿಯಾಯಿತಿ ಕೇಳುತ್ತಿಲ್ಲ. ಜಾಸ್ತಿ ಸುಡುವ ಗಾಡಿಗೆ ಏರಿಸಿ, ಕಡಿಮೆ ಸುಡುವ ಗಾಡಿಗೆ ಇಳಿಸಿ, ಖಜಾನೆಗೆ ಬರುವ ಒಟ್ಟು ಮೊತ್ತ ಅಷ್ಟೇ ಇರಲಿ.

ಮಂಡ್ಯದ ಸಂಸದರಿಗೆ ಇನ್ನೊಂದು ಮಾತು. ಕಬ್ಬು ಬೆಳೆಯುವವರಿಗೆ ಎಥನಾಲ್ ಬಗ್ಗೆ ಆಸೆ ಇದೆ. ಗಾಡಿ ಓಡಿಸುವವರಿಗೆ ಇ20ಯಿಂದ, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್‌ನಿಂದ, ಮೈಲೇಜ್ ಇಳಿಯಿತು ಅನ್ನುವ ಗೊಣಗಾಟ. ಎರಡೂ ಸುಳ್ಳಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಆದರೆ ಎಥನಾಲ್ ಬೇಗ ನಾಕ್ ಹೊಡೆಯುವುದಿಲ್ಲ, ಅಂದರೆ ಒತ್ತಡಕ್ಕೆ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದಿಲ್ಲ; ಎಂಜಿನ್‌ನಲ್ಲಿ ಅದನ್ನು ಇನ್ನೂ ಜಾಸ್ತಿ ಒತ್ತಬಹುದು. ಅದಕ್ಕೆಂದೇ ಕಂಪ್ರೆಶನ್ (ಒತ್ತುವ ಪ್ರಮಾಣ) ಏರಿಸಿ ಮಾಡಿದ ಹೈಬ್ರಿಡ್ ಎಂಜಿನ್ ಆ ನಷ್ಟದಲ್ಲಿ ಒಂದು ಪಾಲನ್ನು ವಾಪಸ್ ಗಳಿಸುತ್ತದೆ. 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಎಥನಾಲ್‌ನಲ್ಲಿ ಓಡುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ ಮಾದರಿಯನ್ನು ತೋರಿಸಿದ್ದೂ ಆಯಿತು. ಅದರ ಎಂಜಿನ್ 1987 ಸಿಸಿ. ಗೆರೆ ಹೀಗೇ ಇದ್ದರೆ ಕಬ್ಬಿನ ರಸದಲ್ಲಿ ಓಡುವ ಗಾಡಿಗೂ 40%.

ದರ ನಿಗದಿ ಮಾಡುವುದು ಜಿಎಸ್‌ಟಿ ಮಂಡಳಿ, ನೀವಲ್ಲ ಅಂತ ಗೊತ್ತು. ಆ ಮಂಡಳಿಯ ಅಧ್ಯಕ್ಷರಾದ ನಿರ್ಮಲಾ ಸೀತಾರಾಮನ್ ಅವರೂ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ನಿಮ್ಮ ಸಚಿವಾಲಯದಿಂದ ಅವರಿಗೆ ಒಂದು ಟಿಪ್ಪಣಿ ಹೋಗಲಿ. ಅದಕ್ಕೂ ಮೊದಲು ಎಆರ್‌ಎಐನವರಿಗೆ ಹೇಳಿ, ಒಂದೇ ಕಾರಿನ ಹೈಬ್ರಿಡ್ ಮತ್ತು ಸಾದಾ ಗಾಡಿ ಎರಡನ್ನೂ ಇ20 ಹಾಕಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸಿ, ಬಂದ ಅಂಕಿಗಳನ್ನು ಜನರ ಮುಂದಿಡಲಿ. ಹೈಬ್ರಿಡ್‌ನ ಲಾಭ ನಾನು ಹೇಳಿದಷ್ಟು ಇಲ್ಲ ಅಂತ ಬಂದರೆ ಅದನ್ನೂ ಮುಚ್ಚಿಡದೆ ಹೇಳಲಿ.

ಇಂತಿ ನಮಸ್ಕಾರಗಳೊಂದಿಗೆ,
ಮಂಡ್ಯ ಜಿಲ್ಲೆಯ ಒಬ್ಬ ಪಾಲಿಟೆಕ್ನಿಕ್ ಮೇಷ್ಟ್ರು