ಮಗಳಿಗೊಂದು ಪತ್ರ: ಹೇಳದೆ ಬದಲಾಗುವ ನಿಯಮ

ಮಂಗಳೂರು

ಪ್ರೀತಿಯ ಮಗಳೇ,

"ವರ್ಷಗಟ್ಟಲೆ ಗಾಂಜಾ ಸೇದಿದ್ರೆ ಬುದ್ಧಿ ಹೋಗ್ತದಾ ಇಲ್ವಾ, ಒಂದೇ ಮಾತಲ್ಲಿ ಹೇಳಮ್ಮ" ಅಂತ ಕೇಳಿದ್ದೀಯ. ಒಂದೇ ಮಾತಲ್ಲಿ ಮುಗಿಯುವ ವಿಷಯ ಅಲ್ಲ ಮಾರಾಯ್ತಿ ಅದು. ಸೇದುವವರೂ ಒಳ್ಳೆ ಮಾರ್ಕ್ಸ್ ತೆಗೀತಾರೆ ಅಂತ ನಿನ್ನ ರೂಮ್‌ಮೇಟ್ ವಾದ ಮಾಡ್ತಾಳಲ್ಲ, ಅದು ಪೂರ್ತಿ ಸುಳ್ಳಲ್ಲ. ಕಲಿತ ಶಬ್ದ, ಬಾಯಿಪಾಠದ ಸೂತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಬಿ.ಸಿ.ರೋಡಿನಿಂದ ಬರುವ ಬಸ್ಸು, ಕಂಕನಾಡಿಯಲ್ಲಿ ಬ್ಲಾಕ್ ಉಂಟು ಅಂತ ಗೊತ್ತಾದರೆ ಪಂಪ್‌ವೆಲ್‌ನಲ್ಲೇ ನಂತೂರಿನ ಕಡೆ ತಿರುಗ್ತದಲ್ಲ, ತಲೆಯ ಆ ದಾರಿ ಬದಲಿಸುವ ಗುಣಕ್ಕೆ.

ಅದನ್ನು ಅಳೆಯಲಿಕ್ಕೆ 1948ರಿಂದಲೂ ಒಂದು ಪರೀಕ್ಷೆ ಉಂಟು, ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಟೆಸ್ಟ್. ಮೇಜಿನ ಮೇಲೆ ನಾಲ್ಕು ಕಾರ್ಡು: ಒಂದು ಕೆಂಪು ತ್ರಿಕೋನ, ಎರಡು ಹಸಿರು ನಕ್ಷತ್ರ, ಮೂರು ಹಳದಿ ಶಿಲುಬೆ, ನಾಲ್ಕು ನೀಲಿ ವೃತ್ತ. ಕೈಗೆ 128 ಕಾರ್ಡು. ಯಾವುದನ್ನು ಯಾವುದರ ಕೆಳಗೆ ಇಡಬೇಕು ಅಂತ ಹೇಳುವುದಿಲ್ಲ, ಇಟ್ಟ ಮೇಲೆ "ಸರಿ", "ತಪ್ಪು" ಅಷ್ಟೇ. ಬಣ್ಣ ನೋಡಿ ಇಡಬೇಕು ಅಂತ ಹೊಳೆದು ಸಾಲಾಗಿ 10 ಸರಿ ಆಯ್ತೋ, ಹೇಳದೆ ಕೇಳದೆ ನಿಯಮ ಆಕಾರಕ್ಕೆ ಬದಲಾಗ್ತದೆ. ಆಗ ಒಂದೆರಡು ತಪ್ಪು ಎಲ್ಲರಿಗೂ ಆಗ್ತದೆ. "ತಪ್ಪು" ಅಂತ ಕೇಳಿಸಿಕೊಂಡೂ ಮತ್ತೆ ಮತ್ತೆ ಬಣ್ಣಕ್ಕೇ ಜೋಡಿಸುವುದನ್ನು ಪ್ರತ್ಯೇಕ ಲೆಕ್ಕ ಇಡ್ತಾರೆ. ಕಾಲೇಜು ವಿದ್ಯಾರ್ಥಿಗಳ ಮೇಲಿನ 1996ರ ಒಂದು ಅಧ್ಯಯನದಲ್ಲಿ, ಹೆಚ್ಚುಕಡಿಮೆ ದಿನಾ ಸೇದುವವರಲ್ಲಿ ಈ ಬಗೆಯ ತಪ್ಪು ಜಾಸ್ತಿ ಕಂಡಿತು. ಪರೀಕ್ಷೆಗೆ ಮುಂಚೆ ಕನಿಷ್ಠ 19 ಗಂಟೆ ಅವರು ಸೇದಿರಲಿಲ್ಲ, ಹಾಗಾಗಿ ಅದು ನಶೆಯ ಹೊತ್ತಿನ ತಪ್ಪಲ್ಲ.

ಕಾರಣ ಇಷ್ಟು. ಮಿದುಳು ತಾನೇ ಗಾಂಜಾದಂಥದ್ದೊಂದು ವಸ್ತು ತಯಾರಿಸ್ತದೆ, ಹೆಸರು ಆನಂದಮೈಡ್. 1992ರಲ್ಲಿ ಕಂಡುಹಿಡಿದವರು ಸಂಸ್ಕೃತದ ಆನಂದವನ್ನೇ ಹೆಸರಿಗೆ ಎತ್ತಿಕೊಂಡರು. ಮಿದುಳಿನ ಜೀವಕೋಶಗಳ ಮೇಲೆ ಅದು ಬಂದು ಕೂರುವ ಜಾಗಗಳಿಗೆ ಗ್ರಾಹಕ ಅಂತಾರೆ. ಸಿಬಿ1 ಎಂಬ ಆ ಗ್ರಾಹಕಗಳ ಮೇಲೆ ಗಾಂಜಾದಲ್ಲಿ ನಶೆ ತರುವ ಟಿಎಚ್‌ಸಿ ಬಂದು ಕೂರ್ತದೆ. ದಿನಾ ಬಂದರೆ ಮಿದುಳು ಗ್ರಾಹಕಗಳನ್ನೇ ಕಮ್ಮಿ ಮಾಡಿಕೊಳ್ತದೆ. ನಿರ್ಧಾರ ಬದಲಿಸುವ ಕೆಲಸದ ಹಣೆಯ ಹಿಂದಿನ ಭಾಗದಲ್ಲೂ ಇದು ಆಗ್ತದೆ. ಬಿಟ್ಟು ನಾಲ್ಕು ವಾರ ಆದರೆ ಗ್ರಾಹಕಗಳು ಬಹುಮಟ್ಟಿಗೆ ಮರಳ್ತವೆ. 2001ರ ಅಧ್ಯಯನವೊಂದರಲ್ಲಿ 28ನೇ ದಿನಕ್ಕೆ ಸೇದಿದವರಿಗೂ ಸೇದದವರಿಗೂ ಬುದ್ಧಿಶಕ್ತಿಯ ಪರೀಕ್ಷೆಗಳ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿರಲಿಲ್ಲ.

ಹದಿಹರೆಯದಲ್ಲೇ ಶುರುಮಾಡಿ ಬಿಡದೆ ಸೇದಿದವರ ಲೆಕ್ಕ ಬೇರೆ. ನ್ಯೂಜಿಲೆಂಡಿನ ಡನಿಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಂದಿಯನ್ನು 38ರ ವಯಸ್ಸಿನವರೆಗೆ ಹಿಂಬಾಲಿಸಿದಾಗ, ಅಂಥವರ ಐಕ್ಯೂ ಸುಮಾರು 8 ಅಂಕ ಇಳಿದಿತ್ತು. ಆದರೆ ಅವಳಿಗಳ ಮೇಲಿನ 2016ರ ಅಧ್ಯಯನದಲ್ಲಿ ಸೇದಿದವರಿಗೂ ಸೇದದ ಅವರ ಅವಳಿಗೂ ಅಂಥ ಅಂತರ ಸಿಗಲಿಲ್ಲ. ಹಾಗಾಗಿ ಆ 8ನ್ನು ಹಿಡಿದು ಯಾರನ್ನೂ ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ಎಂಡಿಎಂಎ, ಕೊಕೇನ್‌ನಂಥ ಬೇರೆ ಮಾದಕ ವಸ್ತುಗಳಿಗೆ ಈ ನಾಲ್ಕು ವಾರದ ಸಮಾಧಾನ ಹೇಳಲಿಕ್ಕೂ ಬರುವುದಿಲ್ಲ. ಪುಡಿಯಲ್ಲಿ ಏನು ಬೆರೆಸಿದ್ದಾರೆ ಅಂತಲೇ ಗೊತ್ತಿರುವುದಿಲ್ಲ.

ನಿನ್ನ ರೂಮ್‌ಮೇಟ್ ಬಿಡ್ತೇನೆ ಅಂದರೆ ಎಡವುವುದು ಎಲ್ಲಿ ಅಂತ ಮೊದಲೇ ಹೇಳಿಡು. ಒಂದೆರಡು ದಿನದಲ್ಲಿ ಸಿಡಿಮಿಡಿ ಶುರುವಾಗ್ತದೆ, ನಿದ್ದೆ ಬರುವುದಿಲ್ಲ, ಗಂಜಿ ಊಟವೂ ಸೇರುವುದಿಲ್ಲ. ಮೊದಲ ವಾರದಲ್ಲಿ ಇದು ಏರಿ ಎರಡು ವಾರದ ಆಚೀಚೆ ಇಳಿಯುತ್ತದೆ. ವಿಚಿತ್ರ ಕನಸುಗಳು ಇನ್ನೂ ಸ್ವಲ್ಪ ದಿನ ಇರ್ತವೆ. ನಾಲ್ಕನೇ ರಾತ್ರಿ ನಿದ್ದೆಗೆಟ್ಟು ಮತ್ತೆ ಸೇದಿ, "ನೋಡು, ಸೇದಿದ್ರೇ ನನ್ನ ತಲೆ ಓಡುವುದು" ಅಂತ ಅವಳು ತೀರ್ಮಾನ ಮಾಡಿಬಿಡಬಹುದು. ನಿದ್ದೆಗೆ ಅಂತ ಬಿಯರ್ ಹಿಡಿಯುವುದು ಇನ್ನೊಂದು ಗುಂಡಿ. ಟಿಎಚ್‌ಸಿ ಕೊಬ್ಬಿನಲ್ಲಿ ಉಳಿಯುವುದರಿಂದ ದಿನಾ ಸೇದಿದವರ ಮೂತ್ರ ಪರೀಕ್ಷೆ ವಾರಗಟ್ಟಲೆ ಪಾಸಿಟಿವ್ ಬರಬಹುದು. ಅದನ್ನು ನೋಡಿ ಸುಳ್ಳಿ ಅನ್ನಬೇಡ. ಯಾರೋ ಹಿಂದೆ ಬರ್ತಾರೆ ಅನ್ನುವ ಸಂಶಯ, ಇಲ್ಲದ ದನಿ ಕೇಳುವುದು ಇದ್ದರೆ ಮಾತ್ರ ದಿನ ಎಣಿಸಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಂಟು, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹಾಂ, ಆ ಕಾರ್ಡಿನ ಆಟವನ್ನು ಇಸ್ಪೀಟಿನಲ್ಲಿ ಅವಳ ಮೇಲೆ ಪ್ರಯೋಗಿಸಲಿಕ್ಕೆ ಹೋಗಬೇಡ. ನಿದ್ದೆ ಇಲ್ಲದಿದ್ದರೂ ಮನಸ್ಸು ಕುಗ್ಗಿದ್ದರೂ ಅದರಲ್ಲಿ ತಪ್ಪು ಜಾಸ್ತಿಯಾಗ್ತದೆ. ಭಾನುವಾರ ಬರುವಾಗ ಅವಳನ್ನೂ ಕರಕೊಂಡು ಬಾ, ನೀರುದೋಸೆ ಮಾಡಿರ್ತೇನೆ.

ನಿನ್ನ
ಅಮ್ಮ