ನೀರಂಚಿನ ಟೆಂಟ್ ಜಾಗ ಯಾಕೆ ಮುಚ್ಚಿದೆವು: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಈ ಸೀಸನ್‌ನಿಂದ ಜಲಾಶಯದ ನೀರಂಚಿನಲ್ಲಿ ಟೆಂಟ್ ಹಾಕಲು ಜಾಗ ಕೊಡುವುದಿಲ್ಲ. ಟೆಂಟ್‌ಗಳೆಲ್ಲ ಮೇಲಿನ ದಿಬ್ಬಕ್ಕೆ ಹೋಗಿವೆ. ಕಯಾಕ್‌ಗಳು ಮಧ್ಯಾಹ್ನದೊಳಗೆ ದಡಕ್ಕೆ ವಾಪಸ್ ಬರಬೇಕು. ಬಾಡಿಗೆಯೂ ಸ್ವಲ್ಪ ಏರಿದೆ. ಮೂರೂ ಒಟ್ಟಿಗೇ ಬಂದದ್ದಕ್ಕೆ ಹಲವರಿಗೆ ಸಿಟ್ಟು ಬಂದಿದೆ, ಗೊತ್ತು. ನೀರಂಚಿನ ಜಾಗಕ್ಕೆ ಆಗಲೇ ಮುಂಗಡ ಕೊಟ್ಟಿದ್ದವರು ದಯವಿಟ್ಟು ಕ್ಷಮಿಸಿ. ನಿಮ್ಮ ಪ್ಲಾನ್ ಕೆಟ್ಟಿತು ಅನ್ನುವುದು ನಿಜ. ಆದರೆ ಈ ತೀರ್ಮಾನದಿಂದ ನಾವು ಹಿಂದೆ ಸರಿಯುವುದಿಲ್ಲ.

ಎಲ್ಲರೂ ಕೇಳುವುದು ಒಂದೇ. "ಬೆಳಿಗ್ಗೆ ಟೆಂಟ್ ಜಿಪ್ ಎಳೆದರೆ ಎದುರಿಗೇ ನೀರಿರಬೇಕು. ಅದಕ್ಕೇ ಅಲ್ವಾ ನಾವು ಬರೋದು?" ಈ ಮಾತು ನಮಗೂ ಅರ್ಥವಾಗುತ್ತದೆ. ಅದಕ್ಕೇ ಇದಕ್ಕೊಂದು ಪೂರ್ತಿ ಉತ್ತರ ಕೊಡುತ್ತೇವೆ.

ಇದು ಜಲಾಶಯ. ಇಲ್ಲಿ ದಡ ಅನ್ನುವುದು ಒಂದೇ ಕಡೆ ನಿಲ್ಲುವುದಿಲ್ಲ. ಒಳಹರಿವು, ಹೊರಹರಿವು, ಅಣೆಕಟ್ಟಿನ ಗೇಟು ಸೇರಿ ಅದನ್ನು ತೀರ್ಮಾನಿಸುತ್ತವೆ. ನಿಮ್ಮ ತಲೆ ಮೇಲೆ ಒಂದು ಹನಿ ಬೀಳದಿದ್ದರೂ, ಎಲ್ಲೋ ದೂರದಲ್ಲಿ ನದಿಯ ಮೇಲ್ಭಾಗದಲ್ಲಿ ಸುರಿದ ಮಳೆ ರಾತ್ರಿ ಇಲ್ಲಿಗೆ ಬಂದು ಸೇರಬಹುದು. ಲೆಕ್ಕ ಹಾಕಿ ನೋಡಿ: 100 ಮೀಟರಿಗೆ 2 ಮೀಟರ್ ಇಳಿಜಾರಿರುವ ದಡದಲ್ಲಿ ಮಟ್ಟ ಬರೀ ಅರ್ಧ ಮೀಟರ್ ಏರಿದರೆ ನೀರು 25 ಮೀಟರ್ ಮುಂದೆ ಬರುತ್ತದೆ. ನೀವು ಆಗ ನಿದ್ದೆಯಲ್ಲಿರುತ್ತೀರಿ. ಪೂರ್ಣ ಮಟ್ಟದ ಗುರುತಿಗಿಂತ ಕೆಳಗಿರುವ ನೆಲವೆಲ್ಲ ನೀರಿನದೇ. ನೀರು ಇಳಿದಾಗ ಹುಲ್ಲು ಬೆಳೆದು ಮೈದಾನದ ಹಾಗೆ ಕಾಣುತ್ತದೆ, ಅಷ್ಟೇ.

ನೀರು ಇಳಿದರೂ ಸುಲಭವಲ್ಲ. ಅಮೆರಿಕದ ಲೇಕ್ ಮೀಡ್ ಜಲಾಶಯ 1930ರ ದಶಕದಲ್ಲಿ ತುಂಬಿದ ಮೇಲೆ ಅತಿ ಕೆಳಗೆ ಇಳಿದದ್ದು 2022ರಲ್ಲಿ. ದೋಣಿ ಇಳಿಸುವ ರ‍್ಯಾಂಪ್‌ಗಳು ನೀರಿಗೆ ಎಟುಕದೆ ಮುಚ್ಚಬೇಕಾಯಿತು. ನಮ್ಮದು ಅಷ್ಟು ದೊಡ್ಡ ಕಥೆಯಲ್ಲ, ಆದರೆ ಹೂಳು ಎಲ್ಲ ಕಡೆಯೂ ಹೂಳೇ. ನೀರು ಈಗಷ್ಟೇ ಬಿಟ್ಟುಹೋದ ನೆಲ ಮೇಲ್ಗಡೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಹಸಿ ಹೂಳಿರುತ್ತದೆ, ಕಾಲಿಟ್ಟರೆ ಮೊಣಕಾಲವರೆಗೂ ಹೂತುಹೋಗಬಹುದು. ಟೆಂಟಿನ ಗೂಟ ಅಲ್ಲಿ ಗಟ್ಟಿಯಾಗಿ ನಿಲ್ಲುವುದೇ ಇಲ್ಲ.

ಇನ್ನೊಂದು ವಿಷಯ. "ನಿಮ್ಮ ಟೆಂಟ್ ಸೋರುತ್ತೆ" ಎಂಬ ಆರೋಪ ಕೇಳಿ ಕೇಳಿ ಸಾಕಾಗಿದೆ. ಮಳೆಯೇ ಬರದ ರಾತ್ರಿ ಟೆಂಟ್ ಸೋರುವುದು ಹೇಗೆ ಸ್ವಾಮಿ? ರಾತ್ರಿಯ ತಂಪು ಗಾಳಿ ತಗ್ಗಿಗೆ ಇಳಿದು ನೀರಂಚಿನಲ್ಲಿ ನಿಲ್ಲುತ್ತದೆ. ಅಲ್ಲಿ ಮೊದಲೇ ತೇವ ಜಾಸ್ತಿ. ಒಳಗೆ ಮಲಗಿದವರ ಉಸಿರಿನ ಆವಿ ತಣ್ಣಗಾದ ಬಟ್ಟೆಗೆ ತಾಗಿ ಹನಿಯಾಗುತ್ತದೆ. ದಿಬ್ಬದ ಮೇಲೆ ಗಾಳಿ ಆಡುತ್ತದೆ, ಈ ಕಾಟ ಕಡಿಮೆ. ಕಿಟಕಿ ಸ್ವಲ್ಪ ತೆರೆದಿಟ್ಟು ಮಲಗಿದರೆ ಇನ್ನೂ ಒಳ್ಳೆಯದು.

ದಿಬ್ಬಕ್ಕೆ ಹೋದದ್ದು ಖರ್ಚು ಉಳಿಸುವ ಉಪಾಯ ಅಂದವರೂ ಇದ್ದಾರೆ. ಇದು ಮಾತ್ರ ನಮಗೆ ನೋವಾಯಿತು. ಅಲ್ಲಿ ನೆಲ ಸಮ ಮಾಡಿಸಿದ್ದೇವೆ, ಪೈಪ್ ಎಳೆಸಿದ್ದೇವೆ, ಶೌಚಾಲಯ ಕಟ್ಟಿಸಿದ್ದೇವೆ. ಮಲಮೂತ್ರ ನೀರಿನಿಂದ ಕನಿಷ್ಠ 60 ಮೀಟರ್ ದೂರ ಇರಬೇಕು ಎಂಬುದು ಕ್ಯಾಂಪಿಂಗ್ ಮಾಡುವವರಲ್ಲಿ ಬಹಳ ಕಡೆ ಇರುವ ಪಾಠ. ಗುಂಡಿ ತುಂಬಿದಾಗ ಟ್ಯಾಂಕರ್ ಕರೆಸಬೇಕು. ಅದರ ಬಿಲ್ ಯಾರ ಕಣ್ಣಿಗೂ ಬೀಳುವುದಿಲ್ಲ, ನಮಗೆ ಮಾತ್ರ ಬರುತ್ತದೆ.

ಹಳೆಯ ಲೈಫ್ ಜಾಕೆಟ್ ತೆಗೆದುಹಾಕುವ ವಿಷಯಕ್ಕೆ ಬನ್ನಿ. "ಚೆನ್ನಾಗೇ ಇದೆಯಲ್ಲ, ಯಾಕೆ ಬಿಸಾಡ್ತೀರಿ?" ಅಂತ ಕೇಳುತ್ತೀರಿ. ಬಿಸಿಲಿಗೆ ಬಟ್ಟೆ, ಹೊಲಿಗೆ ಬಲ ಕಳೆದುಕೊಳ್ಳುತ್ತವೆ. ಒಳಗಿನ ಫೋಮ್ ಅಮುಕಿದಷ್ಟೂ ತೇಲಿಸುವ ಶಕ್ತಿ ಇಳಿಯುತ್ತದೆ. ದಯವಿಟ್ಟು ಅದರ ಮೇಲೆ ಕೂರಬೇಡಿ. ಹಾಕಿಕೊಂಡ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿವರೆಗೆ ಬಂದರೆ ಅಳತೆ ದೊಡ್ಡದಾಯಿತು, ಬದಲಿಸಿಕೊಡುತ್ತೇವೆ. ಈಜು ಬರುವವರಿಗೂ ಜಾಕೆಟ್ ಬೇಕೇ ಬೇಕು. ಬಿಸಿಲು ಕಾಲದಲ್ಲಿ ಜಲಾಶಯದ ಮೇಲಿನ ನೀರು ಬೆಚ್ಚಗಿದ್ದರೂ ಆಳದಲ್ಲಿ ತಣ್ಣಗಿರುತ್ತದೆ. ಮುಳುಗಿದ ಹಳೆಯ ಮರದ ಬೊಡ್ಡೆಗಳು ಮೇಲಿಂದ ಕಾಣುವುದಿಲ್ಲ.

ಟೆಂಟ್‌ಗಳದ್ದೂ ಇದೇ ಗೋಳು. ಒದ್ದೆಯಾಗಿಯೇ ಮಡಚಿ ಚೀಲಕ್ಕೆ ತುರುಕಿದರೆ ನೀರು ತಡೆಯುವ ಒಳಲೇಪ ಅಂಟಂಟಾಗಿ ಸಿಪ್ಪೆಯೇಳುತ್ತದೆ. ಆಮೇಲೆ ಹೊಸ ಟೆಂಟೇ ಗತಿ. ವಾಪಸ್ ಬಂದ ಪ್ರತಿ ಟೆಂಟನ್ನೂ ಬಿಚ್ಚಿ ನೆರಳಲ್ಲಿ ಒಣಗಿಸುವುದಕ್ಕೆ ಆಳು ಬೇಕು. ಬಾಡಿಗೆ ಏರಿದ್ದು ಇವಕ್ಕೇ, ನಮ್ಮ ಸಂಬಳಕ್ಕಲ್ಲ.

ಕಯಾಕ್ ಸಮಯ ಕಡಿಮೆ ಮಾಡಿದ್ದಕ್ಕೆ ಗಾಳಿ ಕಾರಣ. ನೆಲ ಕಾದ ಮೇಲೆ ಗಾಳಿ ಎದ್ದು, ತಡೆಯಿಲ್ಲದ ಅಗಲ ನೀರಿನ ಮೇಲೆ ದೂರ ಸಾಗಿದಷ್ಟೂ ಅಲೆ ದೊಡ್ಡದಾಗುತ್ತದೆ. ಗಾಳಿಯ ಜೊತೆ ಹೋಗುವುದು ಖುಷಿ, ಎದುರಿಗೆ ಹುಟ್ಟು ಹಾಕಿ ವಾಪಸ್ ಬರುವಾಗ ಕೈ ಸೋಲುತ್ತದೆ. ಬೆಳಗಿನ ನೀರು ಶಾಂತ. ಬೇಗ ಎದ್ದು ಬನ್ನಿ.

ಸ್ವಂತ ದೋಣಿ ತರುವವರು ತೊಳೆದು, ಪೂರ್ತಿ ಒಣಗಿಸಿ ತನ್ನಿ. ಅದೇ ಲೇಕ್ ಮೀಡ್‌ನಲ್ಲಿ 2007ರಲ್ಲಿ ಕ್ವಾಗಾ ಎಂಬ ಪುಟ್ಟ ಚಿಪ್ಪುಜೀವಿ ಸಿಕ್ಕಿತು. ಇವು ದೋಣಿಗಳ ಜೊತೆ ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುತ್ತವೆ, ಪೈಪುಗಳಿಗೆ ಅಂಟಿ ಕಟ್ಟಿಕೊಳ್ಳುತ್ತವೆ. ಮರಿಗಳು ಕಣ್ಣಿಗೆ ಕಾಣುವುದೇ ಇಲ್ಲ. ಸುಮ್ನೆ ತೊಂದರೆ ಕೊಡಲು ನಿಮ್ಮ ದೋಣಿಯನ್ನು ಗೇಟಿನಲ್ಲಿ ನಿಲ್ಲಿಸುತ್ತಿಲ್ಲ.

ದಿಬ್ಬ ಇಷ್ಟವಾಗದಿದ್ದರೆ ಮುಂಗಡ ಪೂರ್ತಿ ವಾಪಸ್, ಒಂದು ಪೈಸೆಯೂ ಹಿಡಿಯುವುದಿಲ್ಲ. ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ಬಾಡಿಗೆಯೇ. ಹಗಲಲ್ಲಿ ನೀರಂಚಿಗೆ ಹೋಗಿ ಕೂರಲು, ಕಾಲು ಇಳಿಬಿಡಲು ಯಾರ ಅಡ್ಡಿಯೂ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ಮೊದಲೇ ತಿಳಿಸಿ. ಮೆಟ್ಟಿಲು ಹತ್ತದೆ ಹೋಗುವಂಥ ಜಾಗ ಕೆಲವು ಇವೆ, ಅವನ್ನು ನಿಮಗಾಗಿ ಎತ್ತಿಡುತ್ತೇವೆ.

ಇಂತಿ,
ಸಹಕಾರಿ ಬಳಗದ ಎಲ್ಲರ ಪರವಾಗಿ